ಅಗ್ರಣಿಯ ಮರುಜೀವ ಮತ್ತು ನಮ್ಮೂರ ಹಳ್ಳ

ಶಿಲಾಹಾರರ ಕಾಲದಲ್ಲಿ ನಮ್ಮ ಸೀಮೆಗೆ 'ಮಿರಿಂಜೆ ಮೂರು ಸಾವಿರ' ಎಂಬ ಹೆಸರಿತ್ತು. ದಾನವಿತ್ತ ಭೂಮಿಯ ಎಲ್ಲೆಯನ್ನು ಹಳ್ಳ, ಮರ, ಕಲ್ಲುಗಳಿಂದ ಗುರುತಿಸುವುದು ಕನ್ನಡ ಶಾಸನಗಳ ವಾಡಿಕೆ. ಹಳ್ಳವೆಂದರೆ ಕಲ್ಲಿನಷ್ಟೇ ಸ್ಥಿರವೆಂದು ಹಿರಿಯರು ನಂಬಿದ್ದರು. ಇಂದು ಆ ಹಳ್ಳವನ್ನೇ ಹುಡುಕಬೇಕಾಗಿದೆ.

ಬೇಡಗದ ಪೂರ್ವಕ್ಕೆ ಅಗ್ರಣಿ ನದಿಯಿದೆ. ಖಾನಾಪುರ ತಾಲೂಕಿನಲ್ಲಿ ಹುಟ್ಟಿ, ತಾಸಗಾವ, ಕವಠೆಮಹಾಂಕಾಳಗಳನ್ನು ಹಾಯ್ದು, ಅಥಣಿ ತಾಲೂಕಿನಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮೇಲ್ದಂಡೆಯದು ಮರಾಠಿ, ಕೆಳದಂಡೆಯದು ಕನ್ನಡ. 1956ರ ಗಡಿರೇಖೆ ಆಕೆಯ ಹರಿವನ್ನು ತಡೆಯಲಿಲ್ಲ; ತಡೆದದ್ದು ನಾವು. ಸಹ್ಯಾದ್ರಿಯ ಮಳೆನೆರಳಿನ ನಾಡಿದು. ಮರಳು ಬಗೆದೆವು, ಪಾತ್ರವನ್ನು ಒತ್ತಿದೆವು, ಕೊಳವೆಬಾವಿ ಕೊರೆದೆವು. ಅಗ್ರಣಿ ಬತ್ತಿತು.

ರಾಜಸ್ಥಾನದಲ್ಲಿ ಅರವರಿ ನದಿಗೆ ಜೀವ ತುಂಬಿ 2001ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ರಾಜೇಂದ್ರ ಸಿಂಗ್ ಅವರ ಪ್ರೇರಣೆ, 2014ರ ಡಿಸೆಂಬರದಲ್ಲಿ ಆರಂಭವಾದ ಸರಕಾರದ ಜಲಯುಕ್ತ ಶಿವಾರ ಯೋಜನೆ, ಗ್ರಾಮಸ್ಥರ ದುಡಿಮೆ ಇವೆಲ್ಲ ಕೂಡಿದವು. ಹೂಳೆತ್ತಿದರು, ಪಾತ್ರ ಅಗಲಿಸಿದರು, ಬಾಂದಾರ ಕಟ್ಟಿದರು. ನೀರು ನಿಂತಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ನೀರು ಬಂದೊಡನೆ ನದಿ ಬಂದಂತಾಯಿತೇ? ಹರಿವ ಹಳ್ಳ ತಿರುವಿನಲ್ಲಿ ಹೊರದಂಡೆಯನ್ನು ಕೊರೆದು ಗೋಡೆಯಂತೆ ನಿಲ್ಲಿಸುತ್ತದೆ. ಒಳದಂಡೆಯಲ್ಲಿ ಮರಳು ಚೆಲ್ಲಿ ಇಳಿಜಾರು ಮಾಡುತ್ತದೆ. ಆ ಮಣ್ಣಿನ ಗೋಡೆಯಲ್ಲಿ ಮಿಂಚುಳ್ಳಿ ಬಿಲ ತೋಡಿ ಮೊಟ್ಟೆಯಿಡುತ್ತದೆ. ಇಳಿಜಾರಿನ ತೆಳುನೀರಿನಲ್ಲಿ ಕಪ್ಪೆಯ ಮರಿಗಳು ಬೆಳೆಯುತ್ತವೆ. ನೀರಿನ ಮೇಲೆ ಬಾಗಿದ ಕರಿಜಾಲಿಯ ಕೊಂಬೆಗೆ ಗೀಜಗ ಗೂಡು ನೇಯುತ್ತದೆ. ಜೆಸಿಬಿ ಯಂತ್ರ ಹಳ್ಳವನ್ನು ಕಾಲುವೆಯಂತೆ ನೇರ ಮಾಡಿದರೆ ತಿರುವೂ ಇಲ್ಲ, ಈ ಮೂವರಿಗೂ ಮನೆಯಿಲ್ಲ. ಬರಿದಾದ ದಂಡೆಗೆ ಮೊದಲು ಬರುವುದು ಬಳ್ಳಾರಿ ಜಾಲಿ. ಅದು ನಮ್ಮ ನಾಡಿನ ಗಿಡವಲ್ಲ, ಅಮೆರಿಕ ಖಂಡದ್ದು. ಅದನ್ನು ಬೇರುಸಹಿತ ಕಿತ್ತು ಹೊಂಗೆ, ನೇರಳೆ, ಅತ್ತಿ, ಲಕ್ಕಿಗಳನ್ನು ನೆಡಬೇಕು. ಅಲ್ಲಲ್ಲಿ ತಿರುವುಗಳನ್ನು ಮರಳಿ ಬಿಡಬೇಕು. ಇದಕ್ಕೆ ಯಂತ್ರಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಮ್ಹೈಸಾಳ ಏತ ನೀರಾವರಿ ಯೋಜನೆ ನಮ್ಮ ಭಾಗಕ್ಕೆ ಕೃಷ್ಣೆಯ ನೀರು ತಂದಿದೆ. ಉಪಕಾರ ಮರೆಯಲಾಗದು. ಆದರೆ ಅದರೊಡನೆ ಕಬ್ಬು ಹಳ್ಳದ ಅಂಚಿಗೇ ಬಂದು ನಿಂತಿದೆ. ನಾನು ಮಾಸ್ತರನಾಗಿದ್ದಾಗ ಮಕ್ಕಳನ್ನು ಹಳ್ಳಕ್ಕೆ ಕರೆದೊಯ್ದು ಗೀಜಗದ ಗೂಡು ಎಣಿಸಲು ಹೇಳುತ್ತಿದ್ದೆ; ಎಣಿಕೆ ತಪ್ಪಿ ಜಗಳವಾಡುತ್ತಿದ್ದರು. ಈಗ ಎಣಿಸುವಷ್ಟು ಗೂಡುಗಳಿಲ್ಲ. ನಮ್ಮ ಹೊಲದ ಹಳ್ಳದಂಚಿನ ಎರಡು ಮಾರು ನೆಲವನ್ನು ಉಳದೆ ಬಿಡೋಣವೆಂದು ಕಳೆದ ವರ್ಷದಿಂದ ನನ್ನ ತಮ್ಮನಿಗೆ ಹೇಳುತ್ತಿದ್ದೇನೆ. "ಅಣ್ಣಾ, ಎರಡು ಸಾಲು ಕಬ್ಬು ಹೋಗ್ತದಲ್ಲ" ಎನ್ನುತ್ತಾನೆ. ಒಂದು ಮಾರಿಗೆ ಒಪ್ಪಿದ್ದಾನೆ.