ಪಾಸ್‌ಪೋರ್ಟಿನೊಳಗಿನ ಒಂದು ಮುದ್ರೆ



ನಮ್ಮ ಕಾಸರಗೋಡು ಕಡೆ 'ವೀಸಾ ಬಂತು' ಎಂದರೆ ಮನೆಯಲ್ಲಿ ಪಾಯಸವಾಗುತ್ತದೆ. ಬಂದದ್ದು ಯಾವ ವೀಸಾ ಎಂದು ಕೇಳುವವರು ಕಡಿಮೆ.

1960ರ ದಶಕದಲ್ಲಿ ಮಲಬಾರಿನಿಂದ ಪತ್ತೇಮಾರಿ ಹತ್ತಿದ ಬಹಳ ಮಂದಿಗೆ ವೀಸಾವೇ ಇರಲಿಲ್ಲ. ಖೋರ್ ಫಕ್ಕಾನ್ ಹತ್ತಿರ ನೀರಿಗೆ ಧುಮುಕಿ ಈಜಿ ದಡ ಸೇರಿದವರು ಅವರು. 1973ರಲ್ಲಿ ಎಣ್ಣೆಯ ಬೆಲೆ ಏರಿತು. ಅಲ್ಲಿ ರಸ್ತೆ, ಬಂದರು, ಕಟ್ಟಡಗಳಿಗೆ ಸಾವಿರಗಟ್ಟಲೆ ಆಳು ಬೇಕಾಯಿತು. ನಮ್ಮ ದೇಶದಲ್ಲಿ ಆಗಲೂ ನಡೆಯುತ್ತಿದ್ದುದು 1922ರ ಕಾಯಿದೆ, ತೋಟದ ಕೂಲಿಗಳನ್ನು ಕಡಲಾಚೆ ಸಾಗಿಸುತ್ತಿದ್ದ ಕಾಲದ್ದು. ಹೊಸ ಎಮಿಗ್ರೇಷನ್ ಕಾಯಿದೆ ಜಾರಿಯಾದದ್ದು 1983ರ ಡಿಸೆಂಬರ್ 30ರಂದು. ಆಳು ಕಳುಹಿಸುವ ಏಜೆಂಟರು ನೋಂದಣಿ ಮಾಡಿಸಬೇಕು. ಓದು ಕಡಿಮೆಯಿದ್ದವರು ಕೆಲಸದ ವೀಸಾದಲ್ಲಿ ಹೊರಡುವ ಮೊದಲು ಪ್ರೊಟೆಕ್ಟರ್ ಎಂಬ ಅಧಿಕಾರಿಯ ಒಪ್ಪಿಗೆ ಪಡೆಯಬೇಕು ಎಂದು ಅದು ಹೇಳಿತು. ಓದಿದವರ ಪಾಸ್‌ಪೋರ್ಟಿಗೆ 'ತಪಾಸಣೆ ಬೇಕಿಲ್ಲ' ಎಂಬ ಮುದ್ರೆ. ಕ್ರಮೇಣ ಆ ವಿನಾಯಿತಿ ಹತ್ತನೆಯ ತರಗತಿ ಪಾಸಾದವರಿಗೂ ಸಿಕ್ಕಿತು. ನಾನೂ ಬರೇ ಮೆಟ್ರಿಕ್. ಆ ಒಂದು ಹಾಳೆಗೆ ಇಷ್ಟು ಬೆಲೆಯಿದೆ ಎಂದು ಮೊದಲು ಗೊತ್ತಿರಲಿಲ್ಲ.

ಬಡವನ ರಕ್ಷಣೆಗೆ ಇಟ್ಟ ಈ ಬಾಗಿಲನ್ನು ತಪ್ಪಿಸುವ ದಾರಿಯೂ ಬೇಗನೆ ಹುಟ್ಟಿತು. ವಿಸಿಟ್ ವೀಸಾಕ್ಕೆ ಪ್ರೊಟೆಕ್ಟರ ಒಪ್ಪಿಗೆ ಬೇಡವಲ್ಲ! 1990ರ ದಶಕದಲ್ಲಿ ಒಬ್ಬ ತಾಯಿ ಮಗನ ವೀಸಾಕ್ಕೆಂದು ಬಳೆ ಅಡವಿಡಲು ನನ್ನ ಕೌಂಟರಿಗೆ ಬಂದರು. ಕಾಗದ ಕಣ್ಣಿಗೆ ಬಿತ್ತು: ವಿಸಿಟ್ ವೀಸಾ. "ಅಲ್ಲಿ ಹೋದ ಮೇಲೆ ಬದಲಾಯಿಸಿ ಕೊಡುತ್ತಾರಂತೆ ಅಣ್ಣಾ" ಎಂದರು. ಸಾಲದ ಚೀಟಿ ಬರೆಯುವುದಷ್ಟೇ ನನ್ನ ಕೆಲಸವೆಂದು ಸುಮ್ಮನಾದೆ. ಮೂರು ತಿಂಗಳಲ್ಲಿ ಹುಡುಗ ವಾಪಸಾದ. ಬಳೆ ಹರಾಜಿಗೆ ಹೋಯಿತು. ಅವರ ಮುಖ ಈಗಲೂ ನೆನಪಾಗುತ್ತದೆ.

ಇನ್ನು 'ಫ್ರೀ ವೀಸಾ'. ಹೆಸರಷ್ಟೇ ಫ್ರೀ, ದುಡ್ಡು ಕೊಟ್ಟೇ ಕೊಳ್ಳಬೇಕು. ವೀಸಾ ಒಬ್ಬ ಕಫೀಲನದ್ದು, ದುಡಿಮೆ ಇನ್ನೊಬ್ಬನಲ್ಲಿ. ಅಲ್ಲಿನ ಕಾನೂನಿನಲ್ಲಿ ಅದು ತಪ್ಪು. 2013ರಲ್ಲಿ ಸೌದಿ ಸರಕಾರ ತಪಾಸಣೆ ಬಿಗಿ ಮಾಡಿದಾಗ ಹೀಗೆ ದುಡಿಯುತ್ತಿದ್ದವರು ದಾಖಲೆ ಸರಿಪಡಿಸಬೇಕಾಯಿತು, ಇಲ್ಲವೇ ಗಂಟು ಕಟ್ಟಬೇಕಾಯಿತು.

ಕಫೀಲನ ಹಿಡಿತ ಆಮೇಲೆ ಸಡಿಲವಾಯಿತು. ಅವನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಕತಾರ್ 2020ರಲ್ಲಿ ಅವಕಾಶ ಕೊಟ್ಟಿತು; 2021ರಲ್ಲಿ ಸೌದಿಯೂ ಕೆಲವು ಷರತ್ತಿನೊಂದಿಗೆ ಕೊಟ್ಟಿತು. ಆದರೆ ಸೌದಿಯ ಆ ಸುಧಾರಣೆಯಿಂದ ಮನೆಗೆಲಸದವರನ್ನೂ ಮನೆ ಡ್ರೈವರುಗಳನ್ನೂ ಹೊರಗಿಟ್ಟರು. ಕೈಯಲ್ಲಿ ಮೆಟ್ರಿಕ್ ಹಾಳೆಯಿಲ್ಲದೆ ನಮ್ಮೂರಿನಿಂದ ಹೋಗುವವರು ಹೆಚ್ಚಾಗಿ ಹಿಡಿಯುವುದು ಅದೇ ಕೆಲಸವನ್ನು.