ತಾಯಿಗೆ ಬರೆದ ಕಾಗದದಲ್ಲಿ ನಮ್ಮೂರು

ಕಿಟೆಲ್ ನಿಘಂಟಿನ ಹೆಸರು ಕೇಳದ ಕನ್ನಡಿಗರು ಕಡಿಮೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಅದು. ಅದನ್ನು ಮಾಡಿದ ಫರ್ಡಿನಾಂಡ್ ಕಿಟೆಲ್ ಅಂದರೆ ನಮ್ಮ ಕಣ್ಣಿಗೆ ಬರುವುದು ಗಡ್ಡದ ಹಿರಿಯರೊಬ್ಬರ ಚಿತ್ರ. ಆದರೆ 1853ರಲ್ಲಿ ಈ ನಾಡಿಗೆ ಬಂದಾಗ ಅವರಿಗೆ ಇಪ್ಪತ್ತೊಂದೇ ವರ್ಷ. ಊರು ಜರ್ಮನಿಯ ಉತ್ತರ ಕರಾವಳಿ ಸೀಮೆಯ ಒಂದು ಹಳ್ಳಿ. ತಂದೆ ಅಲ್ಲಿಯ ಪಾದ್ರಿ. ಇವತ್ತು ನಮ್ಮೂರಿನ ಹುಡುಗ ಡಿಗ್ರಿ ಮುಗಿಸಿ ದುಬೈಗೋ ಮಸ್ಕತ್‌ಗೋ ಹೊರಡುವ ವಯಸ್ಸಿನಲ್ಲಿ ಆತ ಧಾರವಾಡದ ಕಡೆ ಬಂದು ಕನ್ನಡದ ಅಕ್ಷರ ತಿದ್ದುತ್ತಿದ್ದ.

ನಾವು ಈ ಸಲ ಹೇಳಹೊರಟಿರುವುದು ನಿಘಂಟಿನ ಕತೆ ಅಲ್ಲ. ಕಿಟೆಲ್‌ರಂತೆ ಬಂದ ಹುಡುಗರು ಮನೆಗೆ ಬರೆದ ಕಾಗದಗಳ ಕತೆ, ಮನೆಯಿಂದ ಅವರಿಗೆ ಬಂದ ಕಾಗದಗಳ ಕತೆ. ಅದರೊಳಗೆ ನಮ್ಮ ಊರುಗಳೂ ಇವೆ. ಅದಕ್ಕೇ ಇದು ನಮಗೂ ಸಂಬಂಧಪಟ್ಟ ವಿಷಯ.

ಬಂದವರು ಯಾರು?

ಬಾಸೆಲ್ ಮಿಷನ್ ಶುರುವಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ. 1834ರ ಅಕ್ಟೋಬರ್ 30ರಂದು ಅದರ ಮೊದಲ ಮೂವರು ಮಿಷನರಿಗಳು ಮಂಗಳೂರು ತಲುಪಿದರು: ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್. ಆಮೇಲೆ ಧಾರವಾಡ, ಹುಬ್ಬಳ್ಳಿ, ಗದಗ, ಕೊಡಗು ಎಂದು ಕೆಲಸ ಹರಡಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇವರಲ್ಲೊಬ್ಬರು. ನಿಮ್ಮ ಮನೆಯ ಮೇಲೆ ಮಂಗಳೂರು ಹೆಂಚು ಇದ್ದರೆ, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಪ್ಲೆಬ್ಸ್ಟ್ ಕೂಡ ಇದೇ ಮಿಷನ್ನಿನವರು.

ಮೋಗ್ಲಿಂಗ್ ಅವರಂತೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು ಕೆಲವೇ ಜನ. ಉಳಿದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ನೇಕಾರರ, ಕುಶಲಕರ್ಮಿಗಳ ಮಕ್ಕಳು. ಸಣ್ಣ ಜಮೀನು, ಕೈಕಸುಬು, ಕಟ್ಟುನಿಟ್ಟಿನ ದೈವಭಕ್ತಿಯ ಮನೆಗಳು. ಬಂದೂಕು ಹಿಡಿದ ಸರ್ಕಾರದ ಸಾಹೇಬರು ಬೇರೆ, ಈ ಪಾದ್ರಿಗಳು ಬೇರೆ. ಚರ್ಮ ಒಂದೇ ಬಣ್ಣದ್ದಾದರೂ ಇವರ ಬೇರು ಹಳ್ಳಿಯಲ್ಲಿತ್ತು.

ಒಂದು ಕಾಗದ ಮುಟ್ಟಲು ಎಷ್ಟು ದಿನ?

ಮೊದಲ ವರ್ಷಗಳಲ್ಲಿ ಹಡಗು ಇಡೀ ಆಫ್ರಿಕಾ ಖಂಡವನ್ನು ಸುತ್ತಿ ಬರಬೇಕಿತ್ತು. ಒಂದು ಕಡೆಗೇ ಮೂರು-ನಾಲ್ಕು ತಿಂಗಳು. ಗಾಳಿ ಕೈಕೊಟ್ಟರೆ ಇನ್ನೂ ಹೆಚ್ಚು. ಮಂಗಳೂರಿನಿಂದ ಮಗ ಜ್ವರ ಎಂದು ಬರೆದರೆ, ತಾಯಿ ಅದನ್ನು ಓದುವ ಹೊತ್ತಿಗೆ ಆತ ಗುಣವಾಗಿರುತ್ತಿದ್ದ, ಇಲ್ಲವೇ ಮಣ್ಣಾಗಿರುತ್ತಿದ್ದ.

1830ರಲ್ಲಿ ಮೊದಲ ಸಲ ಉಗಿಹಡಗೊಂದು ಬೊಂಬಾಯಿಯಿಂದ ಸುಯೆಜ್‌ಗೆ ಹೋಯಿತು. ಆ ಬಳಿಕ ಈಜಿಪ್ಟ್ ಮೂಲಕ ಟಪಾಲು ಹೋಗುವ ದಾರಿ ನಿಧಾನಕ್ಕೆ ತೆರೆಯಿತು. ಬೊಂಬಾಯಿಯಿಂದ ಸುಯೆಜ್‌ವರೆಗೆ ಹಡಗು, ಅಲ್ಲಿಂದ ಮರುಭೂಮಿಯಲ್ಲಿ ಒಂಟೆ ಮತ್ತು ಗಾಡಿ, ಮತ್ತೆ ಇನ್ನೊಂದು ಹಡಗು. 1858ಕ್ಕೆ ಈಜಿಪ್ಟಿನಲ್ಲಿ ರೈಲು ಸುಯೆಜ್ ಮುಟ್ಟಿತು. 1869ರ ನವೆಂಬರಿನಲ್ಲಿ ಸುಯೆಜ್ ಕಾಲುವೆಯೇ ತೆರೆಯಿತು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಗದ ಈಗ ವಾರಗಳ ಲೆಕ್ಕಕ್ಕೆ ಬಂತು. 1865ರ ಹೊತ್ತಿಗೆ ಭಾರತಕ್ಕೂ ಯುರೋಪಿಗೂ ತಂತಿ ಸಂಪರ್ಕ ಆಗಿತ್ತು. ಆದರೆ ತಂತಿ ಕಳಿಸುವ ಖರ್ಚು ರೈತರ ಮನೆಯವರ ಕೈಗೆ ಎಟುಕುವಂಥದ್ದಲ್ಲ.

ನಮ್ಮ ದೇಶದೊಳಗೂ 1854ರವರೆಗೆ ಟಪಾಲಿನ ದರ ದೂರ ನೋಡಿ ಏರುತ್ತಿತ್ತು. ಆ ವರ್ಷ ಬಂದ ಹೊಸ ಕಾನೂನಿನಿಂದ ಕಾಲು ತೊಲದ ಕಾಗದಕ್ಕೆ ದೇಶದಲ್ಲೆಲ್ಲ ಅರ್ಧ ಆಣೆ ಎಂದಾಯಿತು. ಕಡಲಾಚೆಯ ಟಪಾಲು ಮಾತ್ರ ದುಬಾರಿಯಾಗೇ ಉಳಿಯಿತು. ತೂಕ ಹೆಚ್ಚಿದರೆ ದುಡ್ಡು ಹೆಚ್ಚು. ಹಾಗಾಗಿ ಆ ಕಾಲದ ಜನ ತೆಳ್ಳನೆ ಹಾಳೆಯಲ್ಲಿ ಇರುವೆ ಸಾಲಿನಂತೆ ಸಣ್ಣಕ್ಷರದಲ್ಲಿ ಬರೆಯುತ್ತಿದ್ದರು. ಹಾಳೆ ತುಂಬಿದರೆ ಅದನ್ನೇ ಅಡ್ಡ ತಿರುಗಿಸಿ, ಬರೆದದ್ದರ ಮೇಲೆಯೇ ಬರೆಯುವ ರೂಢಿಯೂ ಇತ್ತು.

ಕಾಗದದಲ್ಲೇ ಕೂಡಿಬಂದ ಮದುವೆ

ಮಿಷನ್ನಿನ ಹುಡುಗರು ಮದುವೆಯಾಗದೆ ಬರಬೇಕಿತ್ತು. ಕೆಲವು ವರ್ಷ ಕೆಲಸ ಮಾಡಿ ತೋರಿಸಿದ ಮೇಲೆ, ಬಾಸೆಲ್‌ನ ಕಮಿಟಿಗೆ ಅರ್ಜಿ ಬರೆದು ಒಪ್ಪಿಗೆ ಪಡೆದು ಮದುವೆ. ಎಷ್ಟೋ ಸಲ ಹೆಣ್ಣು ಹುಡುಕುವ ಕೆಲಸವೂ ಅಲ್ಲಿನವರದೇ. ಹುಡುಗಿಯ ಊರಿನ ಪಾದ್ರಿಯನ್ನು ವಿಚಾರಿಸುವುದು, ತಂದೆತಾಯಿಯನ್ನು ಕೇಳುವುದು, ಕೊನೆಗೆ ಹುಡುಗಿಯನ್ನು ಕೇಳುವುದು. ಆಕೆ ಹೂಂ ಎಂದರೆ ಹಡಗು ಹತ್ತುವುದು. ಎಷ್ಟೋ ಹೆಣ್ಣುಮಕ್ಕಳು ತಮ್ಮ ಗಂಡನಾಗುವವನ ಮುಖ ನೋಡಿದ್ದು ಇಲ್ಲಿ ಬಂದು ಇಳಿದ ಮೇಲೆ. ಗುರುಹಿರಿಯರು ನಿಶ್ಚಯಿಸಿದ ಮದುವೆ ನಮ್ಮಲ್ಲಿ ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು.

ಕಿಟೆಲ್ 1860ರಲ್ಲಿ ಪೌಲಿನ್ ಐತ್ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷ. 1864ರಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ಸಹೋದರಿ ಯೂಲಿಯನ್ನೇ ಕಿಟೆಲ್ ಮದುವೆಯಾದರು. ಈ ಮೂರು ಇಸವಿಗಳ ನಡುವೆ ಎರಡು ಮನೆಗಳ ಮಧ್ಯೆ ಎಂಥ ಕಾಗದಗಳು ಓಡಾಡಿರಬೇಕು ಎಂದು ಯೋಚಿಸಿ ನೋಡಿ. ಒಬ್ಬ ಮಗಳನ್ನು ಈ ನೆಲಕ್ಕೆ ಕೊಟ್ಟು ಕಳೆದುಕೊಂಡ ಮನೆಯವರು ಇನ್ನೊಬ್ಬಳನ್ನು ಕೊಟ್ಟರು. ಮುಂದೆ 1880ರ ದಶಕದಲ್ಲಿ ನಿಘಂಟಿನ ಕೆಲಸಕ್ಕಾಗಿ ಕಿಟೆಲ್ ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲೇ ಬಿಟ್ಟು ಒಬ್ಬರೇ ಇಲ್ಲಿಗೆ ಮರಳಿ ಬಂದರು. ಆ ವರ್ಷಗಳ ಸಂಸಾರ ಎಂದರೆ ಟಪಾಲಿನಲ್ಲಿ ನಡೆದ ಸಂಸಾರ.

ಮಕ್ಕಳಿಗೆ ಬರೆದ ಕಾಗದ

ಎಲ್ಲಕ್ಕಿಂತ ಕಷ್ಟದ ಕಾಗದಗಳು ಮಕ್ಕಳಿಗೆ ಬರೆದವು. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಬರುತ್ತಿದ್ದಂತೆ ಯುರೋಪಿಗೆ ಕಳಿಸಬೇಕು ಎಂಬುದು ನಿಯಮವೇ ಆಗಿತ್ತು. ಓದು, ಆರೋಗ್ಯ ಎಂಬ ಕಾರಣ ಒಂದು ಕಡೆ. ಆಯಾಗಳ ಮಡಿಲಲ್ಲಿ ಬೆಳೆದು ಇಲ್ಲಿಯವರಂತೆಯೇ ಆಗಿಬಿಟ್ಟಾರು ಎಂಬ ಭಯ ಇನ್ನೊಂದು ಕಡೆ. 1850ರ ದಶಕದಲ್ಲಿ ಇಂಥ ಮಕ್ಕಳಿಗೆಂದೇ ಬಾಸೆಲ್‌ನಲ್ಲಿ ಮನೆ ತೆರೆದರು. ನಮ್ಮ ಹಾಸ್ಟೆಲ್ ಇದ್ದ ಹಾಗೆ. ಆದರೆ ದಸರಾ ರಜೆಗೆ ಊರಿಗೆ ಹೋಗುವ ಹಾಗಿಲ್ಲ. ಮುಂದಿನ ಭೇಟಿ ಹತ್ತು ವರ್ಷಕ್ಕೋ, ಆಗದೆಯೇ ಇರುವುದಕ್ಕೋ.

ಕೇರಳದ ತಲಶ್ಶೇರಿಯಲ್ಲಿದ್ದ ಹರ್ಮನ್ ಗುಂಡರ್ಟ್ ಇದೇ ಮಿಷನ್ನಿನವರು. ಮಲಯಾಳಕ್ಕೆ ನಿಘಂಟು ಮಾಡಿಕೊಟ್ಟವರು. ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದಳು. ಇನ್ನೂ ಚಿಕ್ಕವಳಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಮರಳಿ ಬಂದರು. ಅವಳು ಮತ್ತೆ ಅವರ ಬಳಿಗೆ ಬಂದದ್ದು 1857ರಲ್ಲಿ, ಹದಿನೈದರ ಹೊಸ್ತಿಲಲ್ಲಿ. ನಡುವಿನ ವರ್ಷಗಳಲ್ಲಿ ಅವಳಿಗೆ ಅಪ್ಪ ಅಮ್ಮ ಎಂದರೆ ಕೈಬರಹ. ಈ ಮರೀ ಮುಂದೆ ಬರೆದ ಪತ್ರಗಳೂ ದಿನಚರಿಗಳೂ ಉಳಿದವು, 1934ರಲ್ಲಿ ಪುಸ್ತಕವೂ ಆದವು. ನೊಬೆಲ್ ಪ್ರಶಸ್ತಿ ಪಡೆದ, 'ಸಿದ್ಧಾರ್ಥ' ಕಾದಂಬರಿ ಬರೆದ ಹರ್ಮನ್ ಹೆಸ್ಸೆ ಅವಳ ಮಗ.

ಕಮಿಟಿಗೆ ಒಂದು, ಮನೆಗೆ ಒಂದು

ಈ ಕಾಗದಗಳನ್ನು ಓದುವಾಗ ನೆನಪಿಡಬೇಕಾದ ಮುಖ್ಯ ಸಂಗತಿ ಒಂದಿದೆ. ಮಿಷನರಿ ಬರೆಯುತ್ತಿದ್ದುದು ಎರಡು ಬಗೆಯ ಕಾಗದ.

ಒಂದು ಬಾಸೆಲ್‌ನ ಕಮಿಟಿಗೆ ಕಳಿಸುವ ವರದಿ. ಅದರ ಆಯ್ದ ಭಾಗಗಳು ಮಿಷನ್ನಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಅದನ್ನು ಓದಿ ಅಲ್ಲಿಯ ಹಳ್ಳಿಗರು ಪುಡಿಗಾಸು ಕೂಡಿಸಿ ಕೊಡುತ್ತಿದ್ದರು. ಹಾಗಾಗಿ ಅಲ್ಲಿ ನಮ್ಮ ಜಾತ್ರೆ, ತೇರು, ಭೂತಾರಾಧನೆ ಎಲ್ಲವೂ ಕತ್ತಲೆಯ ಲೆಕ್ಕಕ್ಕೆ ಸೇರುತ್ತಿದ್ದವು. ಕತ್ತಲೆ ದಟ್ಟವಾಗಿ ಕಂಡಷ್ಟೂ ದೀಪಕ್ಕೆ ಎಣ್ಣೆ ಸುಲಭವಾಗಿ ಸಿಗುತ್ತದೆ.

ಇನ್ನೊಂದು ಮನೆಗೆ ಬರೆದದ್ದು. ಅಮ್ಮನಿಗೆ ಬರೆಯುವಾಗ ಮನುಷ್ಯ ಏನು ಉಂಡೆ, ಏನು ಉಟ್ಟೆ, ಮಳೆ ಹೇಗೆ ಹೊಡೆಯಿತು, ಯಾರು ಸಹಾಯಕ್ಕೆ ಬಂದರು ಎಂದು ಬರೆಯುತ್ತಾನೆ. ಅಲ್ಲಿ ತೀರ್ಪಿಗಿಂತ ದಿನದ ಬದುಕು ಹೆಚ್ಚು.

ಹಾಗೆಂದು ಮನೆಯ ಕಾಗದವೆಲ್ಲ ಸತ್ಯ ಎನ್ನುವಂತಿಲ್ಲ. ದೂರದೂರಿನಲ್ಲಿರುವ ಮಗ ಅಮ್ಮನಿಗೆ ಕಷ್ಟ ಮುಚ್ಚಿಡುತ್ತಾನೆ. ಗಲ್ಫಿನಿಂದ ಫೋನ್ ಮಾಡುವ ಹುಡುಗರೂ ಅದನ್ನೇ ಮಾಡುತ್ತಾರೆ, ಅದು ನಿಮಗೂ ಗೊತ್ತು. ಚರಿತ್ರೆ ಬರೆಯುವವರು ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ನಮ್ಮ ಬಗ್ಗೆ ಬರೆದ ತೀರ್ಪುಗಳನ್ನು ಅನುಮಾನದಿಂದ ನೋಡಬೇಕು. ಜ್ವರ, ಮಳೆ, ದಾರಿ, ಧಾರಣೆಯ ಬಗ್ಗೆ ಬರೆದದ್ದನ್ನು ಜತನದಿಂದ ಎತ್ತಿಟ್ಟುಕೊಳ್ಳಬೇಕು.

ಇತ್ತಲಿಂದ ಹೋದವನ ಮನೆ

ಇಷ್ಟೂ ಹೊತ್ತು ಹೇಳಿದ್ದು ಅತ್ತಲಿಂದ ಬಂದವರ ಕತೆ. ಇತ್ತಲಿಂದ ಹೋದವನೊಬ್ಬ ಇದ್ದಾನೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದ. 1846ರಿಂದ 1851ರವರೆಗೆ ಬಾಸೆಲ್‌ನಲ್ಲಿ ಓದಿ, ಪಾದ್ರಿಯಾಗಿ ಮಂಗಳೂರಿಗೆ ಮರಳಿದ. ಮೊದಲೇ ಆಗಿದ್ದ ಮದುವೆಯ ಹೆಂಡತಿ ಲಕ್ಷ್ಮಿ ಆತನ ಜೊತೆ ಬರಲಿಲ್ಲ. ಬಹಳ ವರ್ಷ ಕಾದ ಮೇಲೆ, 1860ರಲ್ಲಿ ಜರ್ಮನಿಯಿಂದ ಬಂದ ಮರೀ ರೈನ್‌ಹಾರ್ಟ್ ಎಂಬಾಕೆಯನ್ನು ಆತ ಮದುವೆಯಾದ.

ಆ ಕಾಲದಲ್ಲಿ ಜಾತಿ ಬಿಟ್ಟು ಹೋದ ಮಗ ಮನೆಯವರ ಮಟ್ಟಿಗೆ ಸತ್ತಂತೆ. ಅವನ ಹೆಂಡತಿ, ಗಂಡ ಬದುಕಿದ್ದೂ ಇಲ್ಲದವಳು. ಕೌಂಡಿನ್ಯನ ಕತೆ ನಮಗೆ ತಿಳಿದಿರುವುದು ಹೆಚ್ಚಾಗಿ ಮಿಷನ್ನಿನ ಕಾಗದಗಳಿಂದ. ಅದರಲ್ಲಿ ಲಕ್ಷ್ಮಿ ಬರುತ್ತಾಳೆ, 'ಬರಲೊಪ್ಪದವಳು' ಎಂದು. ಅವಳ ಕಡೆಯ ಮಾತು ಅವಳ ಬಾಯಿಂದ ಬಂದದ್ದಲ್ಲ. ಅಡುಗೆಮನೆಯಲ್ಲೋ ಬಾವಿಕಟ್ಟೆಯಲ್ಲೋ ಅವಳು ಆಡಿದ ಮಾತು ಅಲ್ಲೇ ಇಂಗಿಹೋಯಿತು.

ಈ ಕತೆಯ ಗಂಟು ಇರುವುದು ಇಲ್ಲೇ. ಬಾಸೆಲ್‌ನಲ್ಲಿ ಆ ಕಾಗದಗಳನ್ನು ಕಾಪಾಡಿದರು. ವರದಿ, ಪತ್ರ, ಫೋಟೋ ಎಲ್ಲ ಇವತ್ತಿಗೂ ಅಲ್ಲಿಯ ಸಂಗ್ರಹದಲ್ಲಿವೆ. ಹಳೆಯ ಜರ್ಮನ್ ಕೈಬರಹ ಇವತ್ತಿನ ಜರ್ಮನ್ನರಿಗೇ ಸುಲಭವಾಗಿ ಓದಲು ಬಾರದು, ನಮ್ಮ ಉತ್ತರ ಕರ್ನಾಟಕದ ಹಳೇ ದಫ್ತರಗಳ ಮೋಡಿ ಲಿಪಿಯಂತೆ. ಆದರೂ ಇಟ್ಟಿದ್ದಾರೆ, ಓದುತ್ತಿದ್ದಾರೆ. ಹಾಗಾಗಿ ನೂರೈವತ್ತು ವರ್ಷದ ಹಿಂದಿನ ಧಾರವಾಡ, ಮಂಗಳೂರು, ಕೊಡಗು ಹೇಗಿದ್ದವು ಎಂದು ಕೇಳಿದರೆ, ಉತ್ತರದ ಒಂದು ಪಾಲು ಯಾರದೋ ತಾಯಿಗೆ ಬರೆದ ಕಾಗದದಲ್ಲಿ ಸಿಗುತ್ತದೆ. ಅವರಿಗೆ ಭಾಷೆ ಕಲಿಸಿದ ಮುನ್ಶಿ, ಅಡುಗೆಯಾತ, ಮಕ್ಕಳನ್ನು ಎತ್ತಿ ಆಡಿಸಿದ ಆಯಾ ಎಲ್ಲರೂ ಅದರೊಳಗೆ ಬಂದುಹೋಗುತ್ತಾರೆ. ಅವರು ಬರೆದದ್ದು ಮಾತ್ರ ಕೈಗೆ ಸಿಗುವುದು ಬಲು ಅಪರೂಪ.

ನಮ್ಮ ಟ್ರಂಕಿನೊಳಗೆ

ನಮ್ಮಲ್ಲಿ ಕಾಗದ ಇಡುವ ಪದ್ಧತಿಯೇ ಬೇರೆ. ಬಂದ ಕಾಗದಗಳನ್ನು ಕೊಂಡಿಯಿರುವ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ಶುಭದ ಕಾಗದದ ಮೂಲೆಗೆ ಅರಿಶಿನ. ಸಾವಿನ ಕಾಗದ ಓದಿದ ಕೂಡಲೇ ಹರಿದು ಹಾಕಬೇಕು, ಮನೆಯಲ್ಲಿ ಇಡಬಾರದು. ನಂಬಿಕೆ ನಂಬಿಕೆಯೇ, ಅದನ್ನು ಹಳಿಯುವುದಿಲ್ಲ. ಆದರೆ ಹಾಗೆ ಹರಿದ ಕಾಗದಗಳ ಜೊತೆ ಎಷ್ಟು ಮನೆಗಳ ಇಸವಿ, ತಾರೀಕು, ಹೆಸರು ಹೋದವೋ.

ಆದರೂ ಎಲ್ಲವೂ ಹೋಗಿಲ್ಲ. ಮುಂಬೈ ಹೋಟೆಲಿಗೆ ದುಡಿಯಲು ಹೋದವರ ಇನ್‌ಲ್ಯಾಂಡ್ ಲೆಟರ್, ಸೈನ್ಯಕ್ಕೆ ಸೇರಿದ ದೊಡ್ಡಪ್ಪನ ಕಾರ್ಡು, ಗಲ್ಫಿನಿಂದ ಬಂದ ಏರ್‌ಮೇಲ್ ಲಕೋಟೆ ಎಷ್ಟೋ ಮನೆಗಳ ಟ್ರಂಕಿನಲ್ಲಿ, ಅಟ್ಟದಲ್ಲಿ ಇನ್ನೂ ಇವೆ. 'ಇತ್ತ ನಾವೆಲ್ಲ ಕ್ಷೇಮ' ಎಂದು ಶುರುವಾಗುವ ಆ ಕಾಗದಗಳಲ್ಲಿ ಮಳೆ, ಬೆಳೆ, ಸಾಲ, ದನ ಈದದ್ದು, ತಂಗಿಯ ಮದುವೆ ಎಲ್ಲ ಇರುತ್ತದೆ. ಅವು ನಿಮ್ಮ ಊರಿನ ಚರಿತ್ರೆ.

ಮುಂದಿನ ಸಲ ಮನೆಗೆ ಸುಣ್ಣ ಹೊಡೆಸುವಾಗ ಅವನ್ನು ಒಲೆಗೆ ಹಾಕಬೇಡಿ. ಲ್ಯಾಮಿನೇಷನ್ನೂ ಮಾಡಿಸಬೇಡಿ, ಒಮ್ಮೆ ಅಂಟಿದ ಪ್ಲಾಸ್ಟಿಕ್ ಬಿಡುವುದಿಲ್ಲ. ಒಣ ಜಾಗದಲ್ಲಿಡಿ. ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ, ಅಂಚೆ ಮುದ್ರೆಯ ತಾರೀಕು ಕಾಣುವಂತೆ. ಬರೆದವರು ಯಾರು, ಯಾರಿಗೆ, ಆಗ ಎಲ್ಲಿದ್ದರು ಎಂಬುದನ್ನು ಅಜ್ಜ ಅಜ್ಜಿ ಇರುವಾಗಲೇ ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ. ಓದಲು ಬಾರದ ಅಜ್ಜಿ ಪಕ್ಕದ ಮನೆಯ ಹುಡುಗನಿಂದ ಬರೆಸಿದ ಕಾಗದವಾದರೆ, ಬರೆದುಕೊಟ್ಟ ಹುಡುಗನ ಹೆಸರನ್ನೂ ಸೇರಿಸಿ.