ಹೂತೋಟಕ್ಕೆ ಆಫ್ರಿಕನ್ ಬಸವನ ಹುಳು: ಗುರುತು ಮತ್ತು ಹತೋಟಿ

ಮಳೆ ಹಿಡಿದ ಮೇಲೆ ಕಾಸರಗೋಡಿನ ಮನೆಯಂಗಳಗಳಲ್ಲಿ ಸಂಜೆ ಚೆನ್ನಾಗಿದ್ದ ಲಿಲ್ಲಿ, ಡೇಲಿಯಾ ಸಸಿಗಳು ಬೆಳಿಗ್ಗೆ ಬರೀ ದಂಟಾಗಿ ನಿಂತಿರುವುದುಂಟು. ಎಲೆಯಲ್ಲಿ ಅಂಕುಡೊಂಕಾದ ತೂತು, ನೆಲದ ಮೇಲೆ ಒಣಗಿ ಹೊಳೆಯುವ ಲೋಳೆಯ ಗೆರೆ, ದಾರದಂತಹ ಹಿಕ್ಕೆ ಕಂಡರೆ ಅದು ಕಂಬಳಿಹುಳುವಿನ ಕೆಲಸವಲ್ಲ, ಬಸವನ ಹುಳುವಿನದು. ತುಳುವಿನಲ್ಲಿ ಇದಕ್ಕೆ ನರ್ತೆ, ಮಲಯಾಳದಲ್ಲಿ ಒಚ್ಚ್ ಎನ್ನುತ್ತಾರೆ.

ಹೆಚ್ಚು ಹಾನಿ ಮಾಡುವುದು ಪೂರ್ವ ಆಫ್ರಿಕಾ ಮೂಲದ ದೈತ್ಯ ಬಸವನ ಹುಳು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟದ್ದು ದೇಶವಿಡೀ ಹರಡಿತು. ಕೇರಳದಲ್ಲಿ 1970ರ ದಶಕದಲ್ಲಿ ಪಾಲಕ್ಕಾಡ್ ಕಡೆ ಕಾಣಿಸಿಕೊಂಡಿತು. ಚಿಪ್ಪು ಶಂಖದಂತೆ ಚೂಪು, ಕಂದು ಬಣ್ಣ, ಮೇಲೆ ಉದ್ದ ಪಟ್ಟೆಗಳು. ವಯನಾಡಿನಂತಹ ಘಟ್ಟ ಪ್ರದೇಶದಲ್ಲಿ ಗುಂಡಗಿನ ತೆಳು ಚಿಪ್ಪು, ಕೆಂಪು ಅಥವಾ ಹಳದಿ ಮೈಯ ಇನ್ನೊಂದು ಬಸವನ ಹುಳು ಇದೆ. ಅದು ಪಶ್ಚಿಮ ಘಟ್ಟದ್ದೇ ಜೀವಿ. ಅದನ್ನು ಕೊಲ್ಲಬಾರದು.

ಪ್ರತಿಯೊಂದು ಹುಳುವಿನಲ್ಲೂ ಗಂಡು-ಹೆಣ್ಣು ಎರಡೂ ಅಂಗಗಳಿರುವುದರಿಂದ ಎಲ್ಲವೂ ಮೊಟ್ಟೆ ಇಡಬಲ್ಲವು, ಅದೂ ಒಂದು ಸಲಕ್ಕೆ ನೂರರ ಲೆಕ್ಕದಲ್ಲಿ. ಸಡಿಲ ಮಣ್ಣು ಕೆದಕಿದಾಗ ಸಾಬಕ್ಕಿಯಂತಹ ಬಿಳಿ-ಹಳದಿ ಕಾಳು ಸಿಕ್ಕರೆ ಅದೇ ಮೊಟ್ಟೆ. ಬೇಸಿಗೆಯಲ್ಲಿ ಇವು ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಣ್ಣಿನಡಿ ತಿಂಗಳುಗಟ್ಟಲೆ ಮಲಗುತ್ತವೆ. ಚಿಪ್ಪಿಗೆ ಸುಣ್ಣ ಬೇಕಾದ್ದರಿಂದ ಸುಣ್ಣ ಬಳಿದ ಗೋಡೆಗಳನ್ನೂ ಕೆರೆದು ತಿನ್ನುತ್ತವೆ.

ಕೈಯಿಂದ ಹೆಕ್ಕುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಬರಿಗೈಯಲ್ಲಿ ಮುಟ್ಟಬಾರದು. ಇದರ ಮೈಯಲ್ಲಿ ಇಲಿಗಳಿಂದ ಬರುವ ಒಂದು ಪರಾವಲಂಬಿ ಹುಳ ಇರಬಹುದು. ಅದು ಮನುಷ್ಯರಿಗೆ ಹತ್ತಿದರೆ ಮಿದುಳಿನ ಪೊರೆಗೆ ಉರಿಯೂತ ಬರುತ್ತದೆ. ಗ್ಲೌಸ್ ಅಥವಾ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಬೇಕು, ಮಕ್ಕಳು ಆಡಲು ಹಿಡಿಯದಂತೆ ನೋಡಿಕೊಳ್ಳಬೇಕು, ಹಿತ್ತಿಲ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಬೇಕು.

ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಅಥವಾ ಕೋಸಿನ ಎಲೆ ಇಟ್ಟರೆ ರಾತ್ರಿ ಗುಂಪಾಗಿ ಬಂದು ಸೇರುತ್ತವೆ. ಟಾರ್ಚ್ ಹಿಡಿದು ಹೆಕ್ಕಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತ ಮೇಲೆ ಆಳದ ಗುಂಡಿಯಲ್ಲಿ ಹೂಳಬೇಕು. ಉಪ್ಪನ್ನು ನೇರ ಗಿಡದ ಬುಡಕ್ಕೆ ಎರಚುವವರಿದ್ದಾರೆ; ಹುಳುವಿನ ಜೊತೆ ಗಿಡವೂ ಹೋಗುತ್ತದೆ. ಹೆಕ್ಕಿದ್ದನ್ನು ಜೀವಂತವಾಗಿ ಪಕ್ಕದ ಹಿತ್ತಿಲಿಗೆ ಎಸೆಯುವುದೂ ನಡೆಯುತ್ತದೆ. ಅವು ನಾಲ್ಕು ದಿನದಲ್ಲಿ ವಾಪಸು ಬರುತ್ತವೆ.

ಹಾವಳಿ ವಿಪರೀತವಾದರೆ ಕೇರಳದಲ್ಲಿ ಬಳಕೆಯಲ್ಲಿರುವ ಸಿಂಪಡಣೆ ಇದೆ: 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಕುದಿಸಿ ಒಂದು ಲೀಟರಿಗೆ ಇಳಿಸಿ ಸೋಸುವುದು, 60 ಗ್ರಾಂ ಮೈಲುತುತ್ತನ್ನು ಇನ್ನೊಂದು ಲೀಟರ್ ನೀರಿನಲ್ಲಿ ಕರಗಿಸುವುದು, ಎರಡನ್ನೂ ಬೆರೆಸಿ ಹುಳುಗಳ ಮೇಲೆ ಸಿಂಪಡಿಸುವುದು. ಅಡಿಕೆ ತೋಟವಿರುವವರ ಮನೆಯಲ್ಲಿ ಮೈಲುತುತ್ತು ಹೇಗೂ ಇರುತ್ತದೆ. ಎಳೆ ಹೂಗಿಡಗಳ ಮೇಲೆ ಬಿದ್ದರೆ ಎಲೆ ಸುಡಬಹುದು, ಬಾವಿಕಟ್ಟೆಯ ಹತ್ತಿರ ಬೇಡ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಪರಿಣಾಮಕಾರಿಯೇ, ಆದರೆ ನಾಯಿ, ದನ ತಿಂದರೆ ಪ್ರಾಣಕ್ಕೇ ಅಪಾಯ.

ಕೊಳೆತ ಎಲೆ, ಒಟ್ಟಿದ ಇಟ್ಟಿಗೆ, ಹಳೆಯ ಮಡಲುಗಳ ರಾಶಿಯನ್ನು ಮಳೆಗೆ ಮೊದಲೇ ತೆಗೆದರೆ ಹಗಲು ಅಡಗಲು ಜಾಗ ಸಿಗುವುದಿಲ್ಲ. ಕೆಂಬೂತ ಹಕ್ಕಿ ಬಸವನ ಹುಳುಗಳನ್ನು ತಿನ್ನುತ್ತದೆ. ಹಿತ್ತಿಲಿಗೆ ಬಂದರೆ ಓಡಿಸಬಾರದು. ನರ್ಸರಿಯಿಂದ ತಂದ ಸಸಿಯ ಮಣ್ಣನ್ನು ನೆಡುವ ಮೊದಲು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು, ಹೊಸ ಜಾಗಕ್ಕೆ ಮೊಟ್ಟೆಗಳು ಹೋಗುವುದು ಹೆಚ್ಚಾಗಿ ಹೀಗೆಯೇ.